ಉಂಡೆ ಯಾರಿಗಲ್ಲ ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಶ್ರಾವಣ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಓವನ್ ಬೇಡದ, ಎಣ್ಣೆಯಲ್ಲಿ ಕರಿಯದ ‘ಆರೋಗ್ಯಕರ ಉಂಡೆ’ಗಳು ಸಾಲುಗಟ್ಟುತ್ತವೆ. ಗಾಂಧಿ ಬಜಾರಿನಲ್ಲೂ ಮಲ್ಲೇಶ್ವರದಲ್ಲೂ ‘ಶುಗರ್‌ಫ್ರೀ’ ಚೀಟಿ ಅಂಟಿಸಿದ ಡಬ್ಬಿಗಳು ಕಣ್ಣಿಗೆ ಬೀಳುತ್ತವೆ. ಇವುಗಳ ಬಗ್ಗೆ ನಮ್ಮದು ಎರಡೇ ಬೇಡಿಕೆ. ಅಳತೆಯನ್ನು ಲೋಟದಲ್ಲಿ ಹೇಳದೆ ಗ್ರಾಂನಲ್ಲಿ ಹೇಳಿ. ಯಾರಿಗೆ ಒಳ್ಳೆಯದು ಎಂದು ಬರೆದ ಮೇಲೆ ಯಾರಿಗಲ್ಲ ಎಂದೂ ಬರೆಯಿರಿ. ಪಥ್ಯದವರ ಮನೆಯಲ್ಲಿ ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಆಗಿಬರುವುದಿಲ್ಲ.

ಮೊದಲು ಖರ್ಜೂರದುಂಡೆಯ ಲೆಕ್ಕ. ಸಾಮಾನ್ಯವಾಗಿ ಅಚ್ಚಾಗುವ ಅಳತೆ: ಬೀಜ ತೆಗೆದ ಖರ್ಜೂರ 250 ಗ್ರಾಂ, ಬಾದಾಮಿ-ಗೋಡಂಬಿ 150 ಗ್ರಾಂ, ಇಷ್ಟಕ್ಕೆ 25 ಗ್ರಾಂನ 16 ಉಂಡೆ. 100 ಗ್ರಾಂ ಖರ್ಜೂರದಲ್ಲಿ 65 ಗ್ರಾಂನಷ್ಟು ಸಕ್ಕರೆಯೇ ಇರುತ್ತದೆ. ಅಂದರೆ ಒಂದೊಂದು ಉಂಡೆಯಲ್ಲೂ ಸುಮಾರು 10 ಗ್ರಾಂ, ಹೆಚ್ಚುಕಡಿಮೆ ಎರಡು ಟೀ ಚಮಚ. ಇದರ ಪಕ್ಕದಲ್ಲಿ ನಾಗರ ಪಂಚಮಿಯ ಚಿಗಳಿಯನ್ನಿಡಿ. ಕರಿ ಎಳ್ಳು 200 ಗ್ರಾಂ, ಬೆಲ್ಲ 150 ಗ್ರಾಂ, ಎರಡು ಏಲಕ್ಕಿ. ಅದೇ ಗಾತ್ರದ 14 ಉಂಡೆಯಾದರೆ ಒಂದಕ್ಕೆ ಬೆಲ್ಲ 11 ಗ್ರಾಂಗೆ ಸ್ವಲ್ಪ ಕಡಿಮೆ. ಸಕ್ಕರೆ ಕಾಯಿಲೆಯವರ ಮಟ್ಟಿಗೆ ಅಜ್ಜಿಯ ಚಿಗಳಿಗೂ ಖರ್ಜೂರ ಹಾಕಿದ ಅಂಗಡಿಯ ‘ಶುಗರ್‌ಫ್ರೀ’ಗೂ ವ್ಯತ್ಯಾಸ ಅಷ್ಟಕ್ಕಷ್ಟೆ. ಖರ್ಜೂರದ ನಾರು, ಬಾದಾಮಿಯ ಕೊಬ್ಬು ಸಕ್ಕರೆ ಏರುವುದನ್ನು ನಿಧಾನ ಮಾಡುತ್ತವೆ, ನಿಜ. ನಿಧಾನವಾಗಿಯಾದರೂ ಅದು ಏರಿಯೇ ಏರುತ್ತದೆ. ಬೆಲ್ಲವಂತೂ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯೇ. ಬಣ್ಣ ಕಂದಾದ ಮಾತ್ರಕ್ಕೆ ಔಷಧವಾಗುವುದಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮದಂತೆ ‘ಶುಗರ್‌ಫ್ರೀ’ ಎನ್ನಬೇಕಾದರೆ 100 ಗ್ರಾಂ ತಿನಿಸಿನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು. ಖರ್ಜೂರದ ಉಂಡೆ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ಸಕ್ಕರೆ ಕಾಯಿಲೆಯವರು ಉಂಡೆಯ ಆಸೆಯನ್ನೇ ಬಿಡಬೇಕೆ? ಬೇಡ. ಖರ್ಜೂರವನ್ನು ಸಿಹಿಗಾಗಿ ಸುರಿಯದೆ ಅಂಟಿಗೆ ಎಷ್ಟು ಬೇಕೋ ಅಷ್ಟೇ ಹಾಕಬೇಕು. ಕಡಲೆಕಾಯಿ ಬೀಜ 120 ಗ್ರಾಂ, ಹುರಿಗಡಲೆ 80 ಗ್ರಾಂ, ಬಿಳಿ ಎಳ್ಳು 40 ಗ್ರಾಂ, ಖರ್ಜೂರ 60 ಗ್ರಾಂ, ಚಿಟಿಕೆ ಉಪ್ಪು, ಏಲಕ್ಕಿ. 15 ಗ್ರಾಂನ 20 ಪುಟ್ಟ ಉಂಡೆಯಾಗುತ್ತದೆ. ಖರ್ಜೂರದಿಂದ ಬರುವ ಸಕ್ಕರೆ ಒಂದಕ್ಕೆ 2 ಗ್ರಾಂ. ಹುರಿಗಡಲೆಯ ಪಿಷ್ಟವೂ ಲೆಕ್ಕಕ್ಕೆ ಸೇರುವುದರಿಂದ ಒಂದು ಹೊತ್ತಿಗೆ ಎರಡು ಸಾಕು.

ಈ ಉಂಡೆ ಕೆಡುವುದೆಲ್ಲ ಕ್ರಮ ತಪ್ಪಿದಾಗ. ಹುರಿಗಡಲೆಯನ್ನು ಮೊದಲು ಒಣ ಜಾರಿನಲ್ಲಿ ಬೇರೆಯಾಗಿ ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು ತೆಗೆದಿಡಿ. ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ. ಚಟ್ನಿಪುಡಿಗೆ ಬೀಜ ಎಣ್ಣೆ ಬಿಡಬಾರದು. ಇಲ್ಲಿ ಬಿಡಲೇಬೇಕು, ಏಕೆಂದರೆ ಉಂಡೆ ಹಿಡಿದುಕೊಳ್ಳುವುದು ಮುಖ್ಯವಾಗಿ ಆ ಎಣ್ಣೆಯಿಂದ. ಜಾರಿನ ಗೋಡೆಗೆ ಮೆತ್ತಿಕೊಳ್ಳಲು ಶುರುವಾದಾಗ ಖರ್ಜೂರ ಸೇರಿಸಿ ಇನ್ನೆರಡು ಸುತ್ತು. ತೆಗೆದಿಟ್ಟ ಹುರಿಗಡಲೆ ಪುಡಿ, ಉಪ್ಪು, ಏಲಕ್ಕಿ ಬೆರೆಸಿ, ಎಳ್ಳನ್ನು ಕೊನೆಯಲ್ಲಿ ಇಡಿಯಾಗಿಯೇ ಕಲಸಿ. ಆಮೇಲೂ ಉದುರಿದರೆ ಒಂದು ಟೀ ಚಮಚ ಬಿಸಿ ನೀರು ಚಿಮುಕಿಸಿ, ಹತ್ತು ನಿಮಿಷ ಮುಚ್ಚಿಟ್ಟು ಮತ್ತೆ ಅದುಮಿ ನೋಡಿ. ಅವಸರಕ್ಕೆ ಇನ್ನೆರಡು ಚಮಚ ನೀರು ಬಿದ್ದರೆ ಮೂರನೇ ದಿನಕ್ಕೆ ಬೂಸಲು ಗ್ಯಾರಂಟಿ.

ಖರ್ಜೂರ ಒಣಗಿದ್ದರೆ ನೀರಿನಲ್ಲಿ ನೆನೆಸಬೇಡಿ. ಇಡ್ಲಿ ಪಾತ್ರೆಯಲ್ಲಿ ಐದು ನಿಮಿಷ ಹಬೆ ಕೊಟ್ಟು, ಬಟ್ಟೆಯ ಮೇಲೆ ಆರಲು ಬಿಡಿ. ಉತ್ತತ್ತಿ ಬಳಸಿ ಎಂದು ಕೆಲವರು ಬರೆಯುತ್ತಾರೆ. ಅದು ಪುಡಿಯಾಗುತ್ತದೆಯೇ ಹೊರತು ಅಂಟುವುದಿಲ್ಲ.

ಬೆಲ್ಲ ತೆಗೆದು ಸ್ಟೀವಿಯಾ (ಸಿಹಿ ಎಲೆಯಿಂದ ತೆಗೆದ ಪುಡಿ) ಹಾಕುವ ಸಲಹೆಯ ತೊಂದರೆಯೂ ಇದೇ. 100 ಗ್ರಾಂ ಬೆಲ್ಲ ಉಂಡೆಗೆ ಸಿಹಿಯ ಜೊತೆಗೆ ಮೈಯನ್ನೂ ಅಂಟನ್ನೂ ಕೊಡುತ್ತದೆ. ಆ ಜಾಗಕ್ಕೆ ಚಿಟಿಕೆ ಪುಡಿ ಬಂದರೆ ಸಿಹಿ ಸಿಕ್ಕೀತು, ಉಂಡೆ ಸಿಗದು. ಸಕ್ಕರೆಯ ಬದಲಿಗೆ ಬಳಸುವ ಇತರ ಪುಡಿಗಳಲ್ಲಿ ಎರಿತ್ರಿಟಾಲ್ ನಾಲಿಗೆಗೆ ತಣ್ಣಗೆನಿಸುತ್ತದೆ. ಎರಡು ದಿನದಲ್ಲಿ ಹರಳುಗಟ್ಟಿ ಮರಳಿನಂತೆ ಕರಕರ ಎನ್ನುತ್ತದೆ. ಮಾಲ್ಟಿಟಾಲ್ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ.

ಗೋಧಿಯ ಗ್ಲುಟೆನ್ ಎಂಬ ಪ್ರೋಟೀನ್ ಆಗದ ಸೀಲಿಯಾಕ್ ರೋಗಿಗಳಿಗೆ ನಮ್ಮ ನಾಡಿನ ರಾಗಿ ಹುರಿಹಿಟ್ಟಿಗಿಂತ ಒಳ್ಳೆಯದು ಬೇಕಿಲ್ಲ. ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಹಸಿ ವಾಸನೆಯಿಲ್ಲ, ಮತ್ತೆ ಬೇಯಿಸುವ ಕೆಲಸವೂ ಇಲ್ಲ. ಹುರಿಹಿಟ್ಟು 150 ಗ್ರಾಂ, ಹುರಿದು ತರಿತರಿ ಪುಡಿ ಮಾಡಿದ ಕಡಲೆಕಾಯಿ ಬೀಜ 75 ಗ್ರಾಂ, ಪುಡಿ ಬೆಲ್ಲ 100 ಗ್ರಾಂ, ಒಣ ಕೊಬ್ಬರಿ ತುರಿ 40 ಗ್ರಾಂ, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ 45 ಗ್ರಾಂ. ಇದರಿಂದ 25 ಗ್ರಾಂನ 16 ಉಂಡೆ. ತುಪ್ಪವಿಲ್ಲದ್ದರಿಂದ ಹಾಲಿನ ಅಲರ್ಜಿಯವರಿಗೂ ನಡೆಯುತ್ತದೆ. ಎಣ್ಣೆಯನ್ನು ಒಮ್ಮೆಗೇ ಸುರಿಯಬೇಡಿ. ಹುರಿಹಿಟ್ಟು ಹೀರುತ್ತಲೇ ಇರುತ್ತದೆ. ಮುಕ್ಕಾಲು ಭಾಗ ಹಾಕಿ ಕಲಸಿ, ಕಾಲು ಗಂಟೆ ಬಿಟ್ಟು, ಹಿಟ್ಟು ಎಷ್ಟು ಕೇಳುತ್ತದೆಂದು ನೋಡಿ ಉಳಿದದ್ದನ್ನು ಸೇರಿಸಿ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುವುದರಿಂದ ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಈ ಉಂಡೆ ಹಲ್ಲಿಗೆ ಸವಾಲು, ಏಪ್ರಿಲ್ ಮಧ್ಯಾಹ್ನ ಕೈಗಂಟುವಷ್ಟು ಮೆತ್ತಗೆ. ಚಳಿಗಾಲಕ್ಕೆ 10 ಗ್ರಾಂ ಎಣ್ಣೆ ತೆಗೆದು ಅಷ್ಟೇ ಎಳ್ಳೆಣ್ಣೆ ಹಾಕಿದರೆ ಸರಿಹೋಗುತ್ತದೆ.

ಅಪಾಯ ಇರುವುದು ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ ಹಿಟ್ಟಿನಲ್ಲಿ ಗೋಧಿ ಬಂದೇ ಬರುತ್ತದೆ. ಗ್ಲುಟೆನ್ ರಹಿತ ಎನ್ನಲು ಕೆಜಿಗೆ 20 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಕಲ್ಲಿನ ಸಂದಿಯಲ್ಲಿ ಉಳಿದ ಒಂದು ಹಿಡಿ ಹಿಟ್ಟು ಸಾಕು ಅದನ್ನು ಮುರಿಯಲು. ಸೀಲಿಯಾಕ್ ಇದ್ದವರ ಮನೆಗೆ ರಾಗಿಯನ್ನು ಅವರದೇ ಮಿಕ್ಸಿಯಲ್ಲಿ ಪುಡಿ ಮಾಡಬೇಕು, ಇಲ್ಲವೇ ಪರೀಕ್ಷೆಯಾದ ಪ್ಯಾಕೆಟ್ ತರಬೇಕು. ‘ಮಲ್ಟಿಗ್ರೇನ್’ ಹುರಿಹಿಟ್ಟಿನಲ್ಲಿ ಗೋಧಿ, ಬಾರ್ಲಿ ಇರುವುದು ಸಾಮಾನ್ಯ. ಇಲ್ಲಿ ಹೆಸರಿನದೊಂದು ಗೊಂದಲವೂ ಇದೆ: ಗ್ಲುಟೆನ್ ಅನ್ನು ಕನ್ನಡದಲ್ಲಿ ‘ಅಂಟು’ ಎಂದು ಬರೆದಾಗ ಅಂಟಿನುಂಡೆಯೂ ನಿಷಿದ್ಧವೆಂದು ಕೆಲವರು ತಿಳಿಯುತ್ತಾರೆ. ಆ ಅಂಟು ಮರದ ಗೋಂದು, ಅದರಲ್ಲಿ ಗ್ಲುಟೆನ್ ಇಲ್ಲ. ಆದರೆ ಅದನ್ನು ತುಪ್ಪದಲ್ಲಿ ಅರಳಿಸುತ್ತಾರೆ. ಹಾಲಿನ ಸಕ್ಕರೆ ಅರಗದವರಿಗೆ ತುಪ್ಪ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರಿಗೆ ತುಪ್ಪದಲ್ಲಿ ಉಳಿದ ಅಲ್ಪಸ್ವಲ್ಪವೂ ಅಪಾಯ. ಇವೆರಡನ್ನೂ ಒಂದೇ ಎಂದು ಬರೆಯುವುದು ನಿಲ್ಲಬೇಕು.

ಕಡಲೆಕಾಯಿ ಅಲರ್ಜಿ ಇರುವ ಮಕ್ಕಳಿಗೆ ಸೂರ್ಯಕಾಂತಿ ಬೀಜ, ಸಿಹಿಗುಂಬಳದ ಬೀಜ ಅದೇ ತೂಕಕ್ಕೆ ಹೊಂದುತ್ತವೆ. ಎಳ್ಳನ್ನು ಕೇಳದೆ ಹಾಕಬೇಡಿ. ಎಳ್ಳಿನ ಅಲರ್ಜಿಯೂ ಉಂಟು. ಅಮೆರಿಕದಲ್ಲಿ 2023ರಿಂದ ಅದನ್ನು ಲೇಬಲ್ಲಿನಲ್ಲಿ ತೋರಿಸುವುದು ಕಡ್ಡಾಯ. ಮಿಕ್ಸಿ ಜಾರನ್ನು ತೊಳೆದರೆ ಸಾಲದು, ಮುಚ್ಚಳದ ರಬ್ಬರ್ ವಾಷರ್ ಬಿಚ್ಚಿ ನೋಡಿ, ನಿನ್ನೆಯ ಕಡಲೆಕಾಯಿ ಚಟ್ನಿ ಅಲ್ಲೇ ಕೂತಿರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಸೇರಿಸಿದ ಯಾವ ತಿನಿಸೂ ಕೂಡದು.

ಇನ್ನು ಯಾರೂ ಬರೆಯದ ಸಂಗತಿ. ಮೂತ್ರಪಿಂಡದ ಕಾಯಿಲೆಯಲ್ಲಿ ಪೊಟ್ಯಾಸಿಯಂ, ರಂಜಕ (ಫಾಸ್ಫರಸ್) ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದವರಿಗೆ ಮೇಲಿನ ಯಾವ ಉಂಡೆಯೂ ಸಲ್ಲದು. 100 ಗ್ರಾಂ ಖರ್ಜೂರದಲ್ಲಿ ಪೊಟ್ಯಾಸಿಯಂ 650 ಮಿಲಿಗ್ರಾಂ ಮುಟ್ಟುತ್ತದೆ. ಬೆಲ್ಲ, ಕೊಬ್ಬರಿ, ಕಡಲೆಕಾಯಿ, ಬಾದಾಮಿ, ಎಳ್ಳು, ‘ಆರೋಗ್ಯಕರ’ ಪಟ್ಟಿಯಲ್ಲಿ ಇರುವುದೆಲ್ಲ ಇಲ್ಲಿ ಎಚ್ಚರಿಕೆಯ ಪಟ್ಟಿಗೆ ಬರುತ್ತದೆ. ಎಲ್ಲರೂ ಬೈಯುವ ಬಿಳಿ ಸಕ್ಕರೆ ಮತ್ತು ಪುರಿಯ ಉಂಡೆಯೇ ಇವರಿಗೆ ವಾಸಿ, ಜೊತೆಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೆ. ಉಪ್ಪು ಹಾಕದ ಪುರಿ 75 ಗ್ರಾಂ, ಸಕ್ಕರೆ 120 ಗ್ರಾಂ, ನೀರು 40 ಮಿಲೀ, ಅರ್ಧ ಟೀ ಚಮಚ ನಿಂಬೆರಸ. ನಿಂಬೆಯಿಂದ ಪಾಕ ಹರಳುಗಟ್ಟುವುದಿಲ್ಲ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದರೆ ಗಟ್ಟಿ ಗುಂಡಾಗಬೇಕು. ಎಳೆ ಪಾಕಕ್ಕೇ ಇಳಿಸಿದರೆ ಪುರಿ ಮೆತ್ತಗಾಗುತ್ತದೆ. ಅಂಗಡಿಯ ಕಡಲೆಪುರಿಗೆ ಸಾಮಾನ್ಯವಾಗಿ ಉಪ್ಪು ಬಿದ್ದಿರುತ್ತದೆ, ಕೇಳಿ ತನ್ನಿ. ದಿನಕ್ಕೆ ಎಷ್ಟು ಎಂಬುದನ್ನು ಮಾತ್ರ ಅವರ ರಕ್ತಪರೀಕ್ಷೆ ನೋಡಿದ ವೈದ್ಯರೇ ಹೇಳಬೇಕು.

ಕೆಡುವ ವಿಷಯ ಎರಡು ಮಾತು. ಹಸಿ ಕಾಯಿತುರಿ ಹಾಕಿದ್ದು ಅಂದೇ ಮುಗಿಯಬೇಕು. ಪಂಚಮಿಯ ಹಸಿ ತಂಬಿಟ್ಟೂ ಹಾಗೆಯೇ. ನೆನೆಸಿದ ಅಕ್ಕಿಯ ಹಸಿ ಹಿಟ್ಟಾದ್ದರಿಂದ ಬಸುರಿಯರಿಗೆ, ಕೀಮೋ ಪಡೆಯುತ್ತಿರುವವರಿಗೆ ಅದನ್ನು ಕೊಡದೆ ಹುರಿದ ಹಿಟ್ಟಿನದ್ದು ಮಾಡುವುದು ಕ್ಷೇಮ. ಕೊಬ್ಬರಿ, ಕಡಲೆಕಾಯಿ ಇರುವ ಒಣ ಉಂಡೆ ಗಾಳಿಯಾಡದ ಡಬ್ಬಿಯಲ್ಲಿ ಹತ್ತು ದಿನ ಇರುತ್ತದೆ, ಆಮೇಲೆ ಕಮಟು ವಾಸನೆ ಹತ್ತುತ್ತದೆ. ಚಿಗಳಿಯ ಎಳ್ಳನ್ನು ಜಾಲಿಸಿ, ನೆರಳಲ್ಲಿ ಪೂರ್ತಿ ಒಣಗಿಸಿಯೇ ಕುಟ್ಟಬೇಕು.

ಮಾರುವವರೂ ಪುರವಣಿಯವರೂ ಬರೆಯಬೇಕಾದದ್ದು ಉದ್ದದ್ದೇನಲ್ಲ. ಮೇಲಿನ ರಾಗಿ ಉಂಡೆಗಾದರೆ ಇಷ್ಟು: ‘ಒಂದು ಉಂಡೆ 25 ಗ್ರಾಂ, ಬೆಲ್ಲ 6 ಗ್ರಾಂ. ಗೋಧಿ ಇಲ್ಲ, ಹಾಲು ಇಲ್ಲ, ಕಡಲೆಕಾಯಿ ಇದೆ. ಕಡಲೆಕಾಯಿ ಅಲರ್ಜಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಿಗಲ್ಲ.’ ಮುಂದಿನ ಹಬ್ಬದ ಪುರವಣಿಯಲ್ಲಿ ಪ್ರತಿ ಪಾಕವಿಧಾನದ ಕೆಳಗೆ ಮೂರು ಸಾಲಿನ ಜಾಗ ಕೊಡಿ.

ಇತಿ,
ಓದುಗರು, ಬಸವನಗುಡಿ, ಬೆಂಗಳೂರು