ಕೆರೆ ಗೇಟಿಗೆ ಹಗಲಲ್ಲೇಕೆ ಬೀಗ?

ಮಾನ್ಯರೇ,

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಹತ್ತಿರದವರಿಗೆ ಇದು ಸುಲಭ. ಬೆಂಗಳೂರಿನ ಉಳಿದ ಬಡಾವಣೆಯವರಿಗೆ ಕೆರೆ ಏರಿಯೇ ಗತಿ. ನಮ್ಮ ಕೆರೆಯ ಸುತ್ತ ಒಳ್ಳೆಯ ನಡಿಗೆ ಪಥವೇನೋ ಇದೆ. ಆದರೆ ಬೆಳಿಗ್ಗೆ ಒಂಬತ್ತಕ್ಕೇ ಗೇಟಿಗೆ ಬೀಗ. ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆ ಮುಗಿಸಿ ಬರುವ ಹೆಂಗಸರು ಬೀಗ ನೋಡಿ ವಾಪಸ್ ಹೋಗುತ್ತಾರೆ. ಸಂಜೆ ತೆರೆದರೂ ಕೋಡಿ ಹತ್ತಿರದ ತಿರುವಿನಲ್ಲಿ ದೀಪವಿಲ್ಲ. ಮಂಡಿ ನೋವಿನ ಹಿರಿಯರು ನಡುವೆ ಕೂರಲು ಬೆಂಚೂ ಇಲ್ಲ. ಸಕ್ಕರೆ ಕಾಯಿಲೆಗೆ, ಬಿಪಿಗೆ ಡಾಕ್ಟರು ಮೊದಲು ಹೇಳುವುದೇ ವಾಕಿಂಗ್ ಅಲ್ವಾ? ಜಿಮ್‌ಗೆ ದುಡ್ಡು ಕಟ್ಟಲಾಗದವರು ಎಲ್ಲಿ ನಡೆಯಬೇಕು? ಸಂಬಂಧಪಟ್ಟವರು ದಯವಿಟ್ಟು ಹಗಲೆಲ್ಲ ಗೇಟು ತೆರೆದಿಡಲಿ. ದೀಪ, ಬೆಂಚು ಹಾಕಿಸಲು ಜಾಸ್ತಿ ಖರ್ಚೇನೂ ಆಗದು.

– ಓದುಗರು, ಬೆಂಗಳೂರು