ನೀರಿನ ಟಾಕಿ ತೊಳೆಯುವ ಮುಂಚೆ ಒಂದು ಮಾತು ಹೇಳಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಮನೆಯ ಅಕ್ವೇರಿಯಂನಲ್ಲಿ ನಾಲ್ಕು ಗೋಲ್ಡ್ ಫಿಶ್ ಒಂದೇ ಮಧ್ಯಾಹ್ನ ಸತ್ತವು. ಇದನ್ನೂ ಪೇಪರಿಗೆ ಬರೀತೀರಾ ಅಂತ ಮನೆಯಲ್ಲೇ ಕೇಳಿದರು. ಪಕ್ಕದ ಫ್ಲಾಟಿನ ಮಲ್ಪೆ ಕಡೆಯ ಮಾಮ ಅಂತೂ, "ಮೀನು ಸತ್ತದ್ದಕ್ಕೆ ಊಟ ಬಿಟ್ಟ ಕರಾವಳಿಯವನನ್ನು ಇವತ್ತೇ ನೋಡಿದ್ದು ಮಾರಾಯ" ಎಂದು ನಕ್ಕರು. ನಗಲಿ ಬಿಡಿ. ಆದರೆ ಅವು ಸತ್ತ ನೀರು ಅವರ ನಲ್ಲಿಯಲ್ಲೂ ಬರುತ್ತಿತ್ತು.

ಆಗಿದ್ದು ಇಷ್ಟು. ನಮ್ಮದು ಎರಡಡಿ ಉದ್ದ, ಒಂದೊಂದಡಿ ಅಗಲ ಎತ್ತರದ ತೊಟ್ಟಿ, ಹಿಡಿಯುವುದು 50 ಲೀಟರಿನಷ್ಟು ನೀರು. ವಾರಕ್ಕೊಮ್ಮೆ ಒಂದು ಬಕೆಟ್ ತೆಗೆದು ಹಿಂದಿನ ದಿನವೇ ಹಿಡಿದಿಟ್ಟ ನೀರು ಹಾಕುತ್ತೇನೆ. ಆ ಶನಿವಾರ ಬಕೆಟ್ ತುಂಬಿಸಿಡಲು ಮರೆತೆ. ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡು, ನಲ್ಲಿಯಿಂದ ನೇರವಾಗಿ ಎರಡು ಬಕೆಟ್ ಸುರಿದೆ. ತಪ್ಪು ನನ್ನದೇ. ಆದರೆ ಅದೇ ಬೆಳಿಗ್ಗೆ ಮೇಲಿನ ಟಾಕಿ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ, ಅದನ್ನು ಸರಿಯಾಗಿ ಹರಿಸಿ ಬಿಡದೆ ನೀರು ತುಂಬಿಸಿದ್ದಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಒಂದು ಸಾಲೂ ಇರಲಿಲ್ಲ. ಪಾರ್ಕಿಂಗ್ ಸ್ಟಿಕರ್ ಬಗ್ಗೆ ಮೂರು ನೋಟಿಸ್ ಇದ್ದವು.

ಅರ್ಧ ಗಂಟೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಕಿವಿರು ಪಟಪಟ ಆಡುತ್ತಿತ್ತು. ಮೈಮೇಲೆ ಬಿಳಿ ಲೋಳೆ ಬಂತು. ಉಳಿದದ್ದು ಒಂದು ಗೌರಾಮಿ ಮಾತ್ರ. ಅದು ನೀರಿನ ಮೇಲಿನ ಗಾಳಿಯನ್ನೂ ಕುಡಿಯಬಲ್ಲ ಜಾತಿ. ಅದಕ್ಕೇ ಬದುಕಿತು ಅನ್ನಿಸುತ್ತದೆ. ಅಂಗಡಿಗೆ ಓಡಿದರೆ ಅವನು ಏನು ನೀರು, ಯಾವತ್ತು ಹಾಕಿದ್ದು ಅಂತ ಒಂದು ಮಾತು ಕೇಳದೆ, "ರೋಗ ಬಂದಿದೆ" ಎಂದು ನೀಲಿ ಔಷಧಿಯ ಬಾಟಲಿ ಕೈಗಿಟ್ಟ. ಬ್ಲೀಚಿಂಗ್ ಪೌಡರಿನಿಂದ ನೀರಿಗೆ ಸೇರಿದ ಕ್ಲೋರಿನ್ ಆ ಔಷಧಿಯಿಂದ ಹೋಗುವುದಿಲ್ಲ. ಉಲ್ಟಾ, ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಅದು ಹಾನಿ ಮಾಡಬಹುದು.

ಕ್ಲೋರಿನ್ ಹಾಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮುಂಬಯಿಗೆ ನೀರು ಬರುವುದು ತುಳಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ, ಭಾತ್ಸಾ, ಎರಡು ವೈತರಣಾ, ಹೀಗೆ ಏಳು ಜಲಾಶಯಗಳಿಂದ. ಅಷ್ಟು ದೂರದ ಪೈಪಿನಲ್ಲಿ ಬರುವ ನೀರಿನಲ್ಲಿ ಕ್ಲೋರಿನ್ ಸ್ವಲ್ಪ ಉಳಿದಿರಲೇಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಮನೆಮನೆಗೆ ಕಾಮಾಲೆ. ಕುಡಿಯುವ ನೀರಿನ ನಮ್ಮ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನಾವು ಆ ನೀರು ಕುಡಿದು ಮರೆಯುತ್ತೇವೆ. ಮೀನು ಅದರೊಳಗೇ ಉಸಿರಾಡಬೇಕು ಅಲ್ವಾ, ಕಿವಿರು ಸುಡಲು ಅದಕ್ಕಿಂತ ಕಡಿಮೆ ಸಾಕು.

ದಾರಿ ಕಷ್ಟದ್ದೇನಲ್ಲ. ಬಾಯಿ ತೆರೆದ ಬಕೆಟಿನಲ್ಲಿ ಒಂದು ದಿನ ಇಟ್ಟರೆ, ಒಳಗೊಂದು ಗಾಳಿ ಪಂಪಿನ ಕಲ್ಲು ಬಿಟ್ಟರೆ ಇನ್ನೂ ಬೇಗ, ಸಾಮಾನ್ಯ ಕ್ಲೋರಿನ್ ಹಾರಿಹೋಗುತ್ತದೆ. ಮೇಲೆ ತೆಳು ಬಟ್ಟೆ ಕಟ್ಟಿಡಿ. ಸೊಳ್ಳೆ ಮೊಟ್ಟೆ ಇಟ್ಟರೆ ಪಾಲಿಕೆಯವರು ಬಂದು ಬೈಯುತ್ತಾರೆ. (ಇದೇ ಪಾಲಿಕೆ ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗಳಿಗೆ ಗಪ್ಪಿ ಮೀನು ಬಿಡುತ್ತದೆ, ಅದು ಬೇರೆ ಮಾತು.) ಅವಸರವಿದ್ದರೆ ಅಂಗಡಿಯಲ್ಲಿ ಆಂಟಿಕ್ಲೋರಿನ್ ಅಂತ ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋದವರು ಹೈಪೋ ಅನ್ನುತ್ತಿದ್ದದ್ದು. ಬಾಟಲಿಯ ಮೇಲೆ ಬರೆದಷ್ಟೇ ಹಾಕಿ, ಕಣ್ಣಂದಾಜು ಬೇಡ. ಕ್ಲೋರಿನ್ ಅಮೋನಿಯಾದ ಜೊತೆ ಸೇರಿ ಕ್ಲೋರಮೈನ್ ಆಗಿದ್ದರೆ ಮಾತ್ರ ಬಕೆಟಿನಲ್ಲಿ ಇಟ್ಟರೂ ಅದು ಸುಲಭಕ್ಕೆ ಹೋಗುವುದಿಲ್ಲ. ಅದಕ್ಕೆ ಅಮೋನಿಯಾವನ್ನೂ ಹಿಡಿಯುವ ವಾಟರ್ ಕಂಡೀಷನರ್ ಬೇಕು. ಸಂಶಯವಿದ್ದರೆ ಹನಿ ಹಾಕಿ ನೋಡುವ ಕ್ಲೋರಿನ್ ಕಿಟ್ ತನ್ನಿ. ನೀರು ಹಳದಿಯಾದರೆ ಇನ್ನೂ ಕ್ಲೋರಿನ್ ಇದೆ ಅಂತ.

ಇನ್ನೊಂದು ತಪ್ಪು ನಾನೇ ಎರಡು ವರ್ಷ ಮಾಡಿದ್ದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬಟ್ಟೆ ಒಗೆದ ಹಾಗೆ ಹಿಂಡಿ ಶುಭ್ರ ಮಾಡುತ್ತಿದ್ದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಂಜಿನಲ್ಲಿ. ನಲ್ಲಿ ನೀರಿನ ಕ್ಲೋರಿನ್ ಅವನ್ನೂ ಕೊಲ್ಲುತ್ತದೆ. ನಾಲ್ಕೈದು ದಿನ ಬಿಟ್ಟು ಮೀನು ಸಾಯುತ್ತದೆ, ನಾವು ನೀರನ್ನೋ ಅಂಗಡಿಯವನನ್ನೋ ಬೈಯುತ್ತೇವೆ. ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಸ್ಪಂಜನ್ನು ಎರಡು ಸಲ ಅದ್ದಿ ಹಿಂಡಿದರೆ ಸಾಕು.

ಟ್ಯಾಂಕರ್ ನೀರಿನದು ಇನ್ನೊಂದು ರಾಮಾಯಣ. ಕರಗಿದ ಲವಣ ಎಷ್ಟಿದೆ ಅಂತ ಹೇಳುವ ಟಿಡಿಎಸ್ ಮೀಟರನ್ನು ನಮ್ಮ ನಲ್ಲಿ ನೀರಿಗೆ ಹಿಡಿದರೆ 70ರ ಆಸುಪಾಸು ತೋರಿಸುತ್ತದೆ, ಮೆದು ನೀರು. ಮೇ ತಿಂಗಳಲ್ಲಿ ಬೋರ್‌ವೆಲ್ ಟ್ಯಾಂಕರ್ ತರಿಸಿ ಅದೇ ಟಾಕಿಗೆ ಬಿಟ್ಟ ದಿನ 600 ದಾಟಿತ್ತು. ಗಡಸು ನೀರು ಗಪ್ಪಿ, ಮೋಲಿಗಳಿಗೆ ಇಷ್ಟ, ನಿಯಾನ್ ಟೆಟ್ರಾಗಳಿಗೆ ಆಗದು. ಆದರೆ ಯಾವ ಮೀನಿಗೂ ರಾತ್ರೋರಾತ್ರಿ ಇಷ್ಟು ಬದಲಾವಣೆ ತಡೆಯುವುದಿಲ್ಲ. ಸಾಲದ್ದಕ್ಕೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರಿದಷ್ಟೂ ಅದೇ ಅಮೋನಿಯಾ ಜಾಸ್ತಿ ವಿಷವಾಗುತ್ತದೆ. ಹಾಗಂತ ಕೆಲವರು ಬರೀ ಆರ್‌ಒ ನೀರು ಹಾಕುತ್ತಾರೆ. ಅದರಲ್ಲಿ ಲವಣವೇ ಇರುವುದಿಲ್ಲ, ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ. ಟ್ಯಾಂಕರ್ ನೀರಿಗೆ ಸ್ವಲ್ಪ ಬೆರೆಸಿಕೊಳ್ಳಿ, ಅಷ್ಟೇ.

ಇದನ್ನೆಲ್ಲ ಹೇಳಿ ನೋಟಿಸ್ ಹಾಕಿ ಅಂದಾಗ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, "ನಿಮ್ಮ ಮೀನಿಗೋಸ್ಕರ ನೋಟಿಸ್ ಹಾಕ್ಬೇಕಾ?" ಎಂದರು. ಮೀನಿಗಾಗಿ ಬೇಡ ಸ್ವಾಮಿ. ಅದೇ ದಿನ ಮೂರನೇ ಮಹಡಿಯ ಅಜ್ಜಿ ಸ್ನಾನ ಮಾಡಿ ಕಣ್ಣು ಉರಿ ಅಂದರಲ್ಲ, ಅವರಿಗಾಗಿ ಹಾಕಿ. ನಮ್ಮೂರಲ್ಲಿ ಬಾವಿಗೆ ನಾಲ್ಕು ಮೀನು ಬಿಡುತ್ತಿದ್ದರು. ನನ್ನಜ್ಜಿ ಕೊಡಪಾನ ಇಳಿಸುವ ಮುಂಚೆ ಬಗ್ಗಿ ನೋಡಿ, ಮೀನು ಆಡುತ್ತಿದ್ದರೇ ನೀರು ಸೇದುತ್ತಿದ್ದಳು. ಇಲ್ಲಿ ಟಾಕಿಯೊಳಗೆ ಬಗ್ಗಿ ನೋಡುವವರು ಯಾರು?

ಕೇಳುವುದು ಮೂರೇ. ಟಾಕಿ ತೊಳೆಯುವುದನ್ನು ಒಂದು ದಿನ ಮುಂಚೆ ಬೋರ್ಡಿನಲ್ಲಿ ಬರೆಯಿರಿ, ಬ್ಲೀಚಿಂಗ್ ಹಾಕಿದ ಮೊದಲ ನೀರನ್ನು ಪೂರ್ತಿ ಹರಿಸಿ, ಟ್ಯಾಂಕರ್ ಬಂದ ದಿನ ಹೇಳಿ. ಸೆಕ್ರೆಟರಿ ಇನ್ನೂ ಹೂಂ ಅಂದಿಲ್ಲ. ವಾಚ್‌ಮನ್ ಮಾತ್ರ ಮೊನ್ನೆ ಇಂಟರ್‌ಕಾಮಿನಲ್ಲಿ ತಾನಾಗಿ ಫೋನ್ ಮಾಡಿ, "ಸಾಬ್, ಟ್ಯಾಂಕರ್ ಬಂದಿದೆ, ಇವತ್ತು ಮೀನಿಗೆ ನೀರು ಹಾಕ್ಬೇಡಿ" ಎಂದ.

ಇಂತಿ ನಿಮ್ಮ ಓದುಗ,
ಮುಲುಂಡ್, ಮುಂಬಯಿ