ಪ್ಯಾಕೇಜ್ ಇನ್‌ಸ್ಟಾಲ್ ಆಗದಿರುವುದಕ್ಕೆ ನೆಟ್‌ವರ್ಕ್ ಒಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಕೆಲಸ ಮಾಡುವವರಿಗೆ ಈ ತೊಂದರೆ ಪರಿಚಿತವೇ. ಬ್ರೌಸರಿನಲ್ಲಿ ಎಲ್ಲ ಜಾಲತಾಣಗಳೂ ತೆರೆದುಕೊಳ್ಳುತ್ತವೆ. ಆದರೆ ವಿದ್ಯಾರ್ಥಿಯು ವಿಂಡೋಸ್‌ಗೆ ಆದೇಶ ಟೈಪಿಸುವ ಪವರ್‌ಶೆಲ್‌ನಲ್ಲೋ ಮೈಕ್ರೊಸಾಫ್ಟ್‌ನ ಡಾಟ್‌ನೆಟ್‌ಗೆ ಪ್ಯಾಕೇಜ್ ಒದಗಿಸುವ ನುಗೆಟ್‌ನಲ್ಲೋ ಪ್ಯಾಕೇಜ್ (ಸಿದ್ಧ ಕೋಡ್‌ನ ಕಟ್ಟು) ಹಾಕಿಕೊಳ್ಳಲು ಹೋದಾಗ ಸಂಪರ್ಕವೇ ಸಿಗಲಿಲ್ಲವೆಂಬ ಸಂದೇಶ ಬಂದು ಕೆಲಸ ನಿಂತುಬಿಡುತ್ತದೆ. ದೂರು ಮಾತ್ರ ಇಂಟರ್‌ನೆಟ್ ಒದಗಿಸಿದವರ ಮೇಲೆ ಹೋಗುತ್ತದೆ. ಪಾಪ, ಬಹಳಷ್ಟು ಸಲ ಅವರದೇನೂ ತಪ್ಪಿರುವುದಿಲ್ಲ.

ಕಾರಣ ಇರುವುದು ಟಿಎಲ್‌ಎಸ್ ಎಂಬ ಗೂಢಲಿಪೀಕರಣ ಪ್ರೊಟೊಕಾಲ್‌ನ ಆವೃತ್ತಿಯಲ್ಲಿ. 1999ರ ಟಿಎಲ್‌ಎಸ್ 1.0 ಮತ್ತು 2006ರ 1.1 ಸುರಕ್ಷಿತವಲ್ಲವೆಂದು ಪ್ಯಾಕೇಜ್‌ಗಳ ಆನ್‌ಲೈನ್ ಭಂಡಾರಗಳಾದ ಪೈಥಾನ್ ಭಾಷೆಯ ಪೈಪಿಐ 2018ರಲ್ಲಿ, ಪವರ್‌ಶೆಲ್ ಗ್ಯಾಲರಿ ಮತ್ತು ನುಗೆಟ್ 2020ರಲ್ಲಿ, ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ 2021ರಲ್ಲಿ ಅವುಗಳನ್ನು ಕೈಬಿಟ್ಟವು. ಈಗ ಕನಿಷ್ಠ 1.2 ಬೇಕೇ ಬೇಕು. ಕ್ರೋಮ್‌ನಂಥ ಬ್ರೌಸರ್ ಹೊಸ ಟಿಎಲ್‌ಎಸ್ ವ್ಯವಸ್ಥೆಯನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ಅದಕ್ಕೆ ಅಡ್ಡಿಯಾಗುವುದಿಲ್ಲ. ಹಳೆಯ ವಿಂಡೋಸ್‌ನ ಪವರ್‌ಶೆಲ್ ಮಾತ್ರ ಇನ್ನೂ 1.0 ಹಿಡಿದು ಹೋಗಿ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ.

ಇದಕ್ಕೆ ನಮ್ಮಲ್ಲಿ ರೂಢಿಯಾಗಿರುವ ಪರಿಹಾರಗಳೇ ಹೆಚ್ಚು ಆತಂಕ ತರುತ್ತವೆ. ಆ್ಯಂಟಿವೈರಸ್ ಆಫ್ ಮಾಡುವುದು, ತಾಣದ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರದ ಪರಿಶೀಲನೆಯನ್ನೇ ನಿಲ್ಲಿಸುವುದು, ಯಾವುದೋ ತಾಣದ ಜಿಪ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತಂದು ಲ್ಯಾಬಿನ ಎಲ್ಲ ಯಂತ್ರಗಳಿಗೂ ಹಾಕುವುದು, ಇವುಗಳಿಂದ ಆವೃತ್ತಿಯ ಸಮಸ್ಯೆ ಬಗೆಹರಿಯುವುದಿಲ್ಲ. ಇರುವ ರಕ್ಷಣೆಯೂ ಹೋಗುತ್ತದೆ.

ಪವರ್‌ಶೆಲ್‌ನಲ್ಲಿ ಸಂಪರ್ಕಗಳನ್ನು ನಿಯಂತ್ರಿಸುವ ಸರ್ವಿಸ್‌ಪಾಯಿಂಟ್‌ಮ್ಯಾನೇಜರ್‌ನ ಸೆಕ್ಯೂರಿಟಿಪ್ರೊಟೊಕಾಲ್ ಮೌಲ್ಯವನ್ನು ಟಿಎಲ್‌ಎಸ್12 ಎಂದು ಬದಲಿಸಿದರೆ ಇನ್‌ಸ್ಟಾಲ್ ಮುಂದುವರಿಯುತ್ತದೆ, ಆದರೆ ಆ ಕಿಟಕಿ ಮುಚ್ಚಿದೊಡನೆ ಬದಲಾವಣೆಯೂ ಅಳಿದುಹೋಗುತ್ತದೆ. ಶಾಶ್ವತವಾಗಿ ಸರಿಪಡಿಸಲು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ, ಪವರ್‌ಶೆಲ್‌ಗೆ ತಳಹದಿಯಾದ ಡಾಟ್‌ನೆಟ್ ಫ್ರೇಮ್‌ವರ್ಕ್ 4ರ ಕೆಳಗೆ ‘SchUseStrongCrypto’ ಎಂಬ ಮೌಲ್ಯವನ್ನು 1 ಮಾಡಬೇಕು. 64 ಬಿಟ್ ಯಂತ್ರವಾದರೆ 32 ಬಿಟ್‌ನ ಶಾಖೆಯಲ್ಲೂ ಅದನ್ನೇ ಮಾಡಬೇಕು. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಪೈಥಾನ್‌ಗೆ ಈ ತಿದ್ದುಪಡಿ ತಟ್ಟುವುದಿಲ್ಲ, ಏಕೆಂದರೆ ಅದು ಟಿಎಲ್‌ಎಸ್‌ಗಾಗಿ ಓಪನ್‌ಎಸ್‌ಎಸ್‌ಎಲ್ ಎಂಬ ಬೇರೆ ತಂತ್ರಾಂಶವನ್ನು ನೆಚ್ಚಿಕೊಂಡಿದೆ. ಅಲ್ಲಿ ಪೈಥಾನ್‌ನ ಹೊಸ ಆವೃತ್ತಿಯನ್ನೇ ಹಾಕಬೇಕು. ವಿಂಡೋಸ್ 7ರ ಯಂತ್ರಗಳ ಮಾತು ಬೇರೆ. 2020ರ ಜನವರಿಗೇ ಅದರ ಬೆಂಬಲ ಮುಗಿದಿರುವುದರಿಂದ ಅವುಗಳನ್ನು ಇಂಟರ್‌ನೆಟ್‌ಗೆ ಜೋಡಿಸದಿರುವುದೇ ಕ್ಷೇಮ.

ಲ್ಯಾಬ್‌ಗಳ ವಾರ್ಷಿಕ ನಿರ್ವಹಣಾ ಗುತ್ತಿಗೆಯೆಂದರೆ ಮೌಸ್, ಕೀಬೋರ್ಡ್ ಬದಲಿಸುವುದಷ್ಟೇ ಎಂಬ ಭಾವನೆ ಇದೆ. ಸೆಮಿಸ್ಟರ್ ಆರಂಭಕ್ಕೆ ಮುನ್ನ ಪ್ರತಿ ಯಂತ್ರದಲ್ಲೂ ಒಂದು ಪ್ಯಾಕೇಜ್ ಇಳಿಸಿ ತೋರಿಸಬೇಕೆಂಬ ಷರತ್ತನ್ನು ಕಾಲೇಜುಗಳ ಆಡಳಿತ ಮಂಡಳಿಗಳು ಆ ಕರಾರಿನಲ್ಲಿ ಸೇರಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಕಂಪ್ಯೂಟರ್ ಬೋಧಕ, ವಿದ್ಯಾನಗರ, ಹುಬ್ಬಳ್ಳಿ